ಕೂಗುವ ಡಿಫರೆನ್ಷಿಯಲ್: ಗುಜರಿಯದ್ದು, ಹೊಸ ಕ್ರೌನ್ ಪಿನಿಯನ್, ಬರೀ ಬೇರಿಂಗ್ – ಮೂರನ್ನೂ ಹಾಕಿ ನೋಡಿದೆ

ಗಂಟೆಗೆ 55 ಕಿ.ಮೀ. ದಾಟಿತೆಂದರೆ ಹಿಂದಿನ ಸೀಟಿನ ಅಡಿಯಿಂದ ಗೊರಗೊರ ಸದ್ದು ಏಳುತ್ತಿತ್ತು. 70ಕ್ಕೆ ಹೋದರೆ ಪಕ್ಕದಲ್ಲಿ ಕೂತವರ ಜೊತೆ ಗಂಟಲೆತ್ತಿ ಮಾತಾಡಬೇಕು. ನನ್ನದು ಹಿಂದಿನ ಚಕ್ರ ಎಳೆಯುವ ಹಳೇ ಕಾರು. ಒಂದೂಕಾಲು ವರ್ಷದಲ್ಲಿ ಇದೇ ಕಾರಿಗೆ ಮೂರು ಬಗೆಯ ರಿಪೇರಿ ಆಯಿತು. ಮೂರರ ಫಲವೂ ಬೇರೆ ಬೇರೆ.

ಮೊದಲು ಚಕ್ರದ ನಡುವಿನ ಹಬ್ ಬೇರಿಂಗ್ ಎಂದುಕೊಂಡು ಹಿಂದಿನ ಎರಡನ್ನೂ ಬದಲಾಯಿಸಿದೆ. ಸದ್ದು ಒಂದಿಷ್ಟೂ ಕಡಿಮೆಯಾಗಲಿಲ್ಲ. ಬಿಚ್ಚುವ ಮುಂಚೆ ಒಂದು ಪರೀಕ್ಷೆ ಮಾಡಿದ್ದರೆ ಆ ಕೆಲಸವೇ ಬೇಕಿರಲಿಲ್ಲ. ಖಾಲಿ ರಸ್ತೆಯಲ್ಲಿ ಸ್ಟೀರಿಂಗನ್ನು ನಿಧಾನಕ್ಕೆ ಎಡಕ್ಕೂ ಬಲಕ್ಕೂ ಎಳೆದರೆ ಕಾರಿನ ಭಾರ ಒಂದು ಪಕ್ಕಕ್ಕೆ ವಾಲುತ್ತದೆ. ಹಬ್ ಬೇರಿಂಗ್ ಕೆಟ್ಟಿದ್ದರೆ ಆಗ ಸದ್ದು ಏರುತ್ತದೆ ಅಥವಾ ಇಳಿಯುತ್ತದೆ. ನನ್ನದರಲ್ಲಿ ಬದಲಾಗಲೇ ಇಲ್ಲ.

ಗೇರ್ ಬಾಕ್ಸ್ ಮೇಲಿನ ಅನುಮಾನ ಬೇಗ ತೀರಿತು. ನಿಂತಲ್ಲೇ ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಿಸಿ ಕ್ಲಚ್ ಒತ್ತಿದೆ, ಬಿಟ್ಟೆ, ಏನೂ ವ್ಯತ್ಯಾಸವಿಲ್ಲ. ಓಡುವಾಗಲೂ ಯಾವ ಗೇರಿನಲ್ಲಿದ್ದರೂ ಅದೇ ವೇಗಕ್ಕೆ ಅದೇ ಸದ್ದು. ಗೇರ್ ಬಾಕ್ಸಿನದ್ದಾದರೆ ಸಾಮಾನ್ಯವಾಗಿ ಗೇರ್ ಬದಲಾದಂತೆ ಸದ್ದಿನ ಸ್ವರ ಬದಲಾಗಬೇಕು. ಗೇರ್ ಬಾಕ್ಸಿನಿಂದ ಹಿಂದಕ್ಕೆ ಹೋಗುವ ಶಾಫ್ಟಿನ ಕೀಲು, ಅಂದರೆ ಕ್ರಾಸ್ ಸವೆದಿದ್ದರೆ ಕಾರು ಹೊರಡುವಾಗ 'ಟಣ್' ಅನ್ನುತ್ತದೆ, ಅದೂ ಇರಲಿಲ್ಲ. ಉಳಿದದ್ದು ಡಿಫರೆನ್ಷಿಯಲ್, ಅಂದರೆ ಆ ಶಾಫ್ಟಿನ ತಿರುವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಹಲ್ಲುಚಕ್ರಗಳ ಪೆಟ್ಟಿಗೆ. ಅದರಲ್ಲಿ ಶಾಫ್ಟ್ ತಿರುಗಿಸುವ ಸಣ್ಣ ಹಲ್ಲುಚಕ್ರ ಪಿನಿಯನ್, ಪಿನಿಯನ್ ತಿರುಗಿಸುವ ದೊಡ್ಡದು ಕ್ರೌನ್.

ಅಲ್ಲಿಗೆ ಬಂದ ಮೇಲೂ ಒಂದು ಸುಳಿವನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ, ಅಥವಾ ಬಿಟ್ಟಾಗ ಮಾತ್ರ ಸಣ್ಣಗೆ ಕೂಗಿದರೆ ಕ್ರೌನ್ ಪಿನಿಯನ್ ಹಲ್ಲಿನ ಮೇಲೆ ಅನುಮಾನ ಪಡಬೇಕು. ಒತ್ತಿದರೂ ಬಿಟ್ಟರೂ ಒರಟಾಗಿ ಒಂದೇ ಸಮ ಗೊರಗುಟ್ಟಿದರೆ ಮೊದಲ ಅನುಮಾನ ಬೇರಿಂಗ್ ಮೇಲೆ. ನನ್ನದು ಎರಡನೆಯದು. ವರ್ಕ್‌ಶಾಪಿಗೆ ಹೋಗಿ 'ಡಿಫರೆನ್ಷಿಯಲ್ ಹೋಗಿದೆ' ಎಂದಷ್ಟೇ ಹೇಳಿದೆ. ಅವರು ಹೊಸ ಕ್ರೌನ್ ಪಿನಿಯನ್ ಹಾಕಬೇಕು ಎಂದರು, ಒಪ್ಪಿಕೊಂಡೆ.

ಸಾಮಾನು ಬರುವುದು ತಡವಾಗುತ್ತದೆ ಎಂದಾಗ ಗುಜರಿಯಿಂದ ಅದೇ ಮಾದರಿಯ ಇನ್ನೊಂದು ಡಿಫರೆನ್ಷಿಯಲ್ ತಂದು ಹಾಕಿಸಿದೆ. ಕೆಲಸ ಒಂದೇ ದಿನದಲ್ಲಿ ಮುಗಿಯಿತು. ಸದ್ದು ನಿಂತಿತು. ಆದರೆ ಕಾರು ಬೇರೆ ಕಾರಿನಂತಾಯಿತು. ಏರಿನಲ್ಲಿ ಮೂರನೇ ಗೇರಿಗೆ ಹೋಗುತ್ತಿದ್ದ ಜಾಗದಲ್ಲಿ ಎರಡಕ್ಕೆ ಇಳಿಸಬೇಕಾಯಿತು. ಸಮತಟ್ಟಿನಲ್ಲಿ ಮಾತ್ರ ಇಂಜಿನ್ ಹಗುರವಾಗಿ ಓಡುತ್ತಿತ್ತು. ಹಲ್ಲು ಎಣಿಸಿದಾಗ ಕಾರಣ ತಿಳಿಯಿತು. ನನ್ನ ಮೂಲ ಕ್ರೌನಿಗೆ 37 ಹಲ್ಲು, ಪಿನಿಯನ್ನಿಗೆ 9, ಅಂದರೆ ರೇಶಿಯೋ 4.11, ಕ್ರೌನ್ ಒಂದು ಸುತ್ತು ತಿರುಗಲು ಪಿನಿಯನ್ 4.11 ಸುತ್ತು ತಿರುಗಬೇಕು. ಗುಜರಿಯದ್ದು 41ಕ್ಕೆ 11, ಅಂದರೆ 3.73. ನನ್ನ ಕಾರಿನಲ್ಲಿ ಸ್ಪೀಡೋಮೀಟರ್ ಕೇಬಲ್ ಗೇರ್ ಬಾಕ್ಸಿನ ಹಿಂಭಾಗದಿಂದ ಬರುತ್ತದೆ, ಡಿಫರೆನ್ಷಿಯಲ್ ಬದಲಾದದ್ದು ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಮುಳ್ಳು 60 ತೋರಿಸುವಾಗ ಕಾರು ನಿಜಕ್ಕೂ 66ರಲ್ಲಿತ್ತು. ಇದು ಸಣ್ಣ ವಿಷಯವಲ್ಲ, ಬ್ರೇಕ್ ಹಿಡಿಯುವ ಅಂದಾಜೇ ತಪ್ಪುತ್ತದೆ.

ಗುಜರಿಯದ್ದು ತರುವವರು ರೇಶಿಯೋವನ್ನು ಅಲ್ಲೇ ನೋಡಿಕೊಳ್ಳಬೇಕು, ಬಿಚ್ಚುವುದೇನೂ ಬೇಡ. ಆಕ್ಸಲ್ ಜೊತೆಗಿದ್ದರೆ ಒಂದು ಬದಿಯನ್ನು ಅಲುಗದಂತೆ ಹಿಡಿದು ಇನ್ನೊಂದು ಬದಿಯನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಅಷ್ಟರಲ್ಲಿ ಪಿನಿಯನ್ ಎಷ್ಟು ಸುತ್ತು ತಿರುಗಿತೋ ಅದೇ ರೇಶಿಯೋ. ಜೊತೆಗೆ ಡ್ರೇನ್ ಪ್ಲಗ್ ಬಿಚ್ಚಿ ಅದರ ಅಯಸ್ಕಾಂತವನ್ನು ಬೆರಳಲ್ಲಿ ಒರೆಸಿ ನೋಡಿ. ಬೂದು ಬಣ್ಣದ ನುಣುಪಾದ ಕೆಸರಿದ್ದರೆ ಅದು ಮಾಮೂಲಿ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಆ ಡಿಫರೆನ್ಷಿಯಲ್ ಬೇಡ.

ನಾಲ್ಕು ತಿಂಗಳ ಮೇಲೆ ನನ್ನ ಮೂಲ ಹೌಸಿಂಗಿಗೆ ಹೊಸ ಕ್ರೌನ್ ಪಿನಿಯನ್ ಮತ್ತು ಹೊಸ ಬೇರಿಂಗ್ ಕೂರಿಸಿ ಕೊಟ್ಟರು. ಏರು ಹತ್ತುವ ಶಕ್ತಿ ಮರಳಿತು. ಆದರೆ 50ರಿಂದ 65ರ ನಡುವೆ ಆಕ್ಸಿಲರೇಟರ್ ಒತ್ತಿದರೆ ಹೊಸದೊಂದು ಕೂಗು. ಹಳೆಯದು ಗೊರಗೊರ, ಇದು ಸೀಟಿ ಊದಿದಂತೆ. 'ಓಡಿಸ್ತಾ ಓಡಿಸ್ತಾ ಸರಿ ಹೋಗುತ್ತೆ' ಎಂದರು. 1,100 ಕಿ.ಮೀ. ಓಡಿಸಿದೆ, ಸರಿ ಹೋಗಲಿಲ್ಲ.

ಕೊನೆಗೆ ಈ ಕೆಲಸದಲ್ಲಿ ಕೈ ಪಳಗಿದ ಅಣ್ಣನ ಜೊತೆ ಕೂತು ನಾವೇ ಬಿಚ್ಚಿದೆವು. ಕ್ರೌನಿನ ಹಲ್ಲಿಗೆ ಗುರುತು ಮೂಡಿಸುವ ಹಳದಿ ಪೇಸ್ಟ್ ಬಳಿದು, ಬಟ್ಟೆಯಿಂದ ಕ್ರೌನನ್ನು ಬಿಗಿಹಿಡಿದು ಪಿನಿಯನ್ ತಿರುಗಿಸಿದ. ಪಿನಿಯನ್ ತಾಗಿದ ಗುರುತು ಹಲ್ಲಿನ ನಡುಭಾಗದಲ್ಲಿ ಬೀಳಬೇಕು. ನಮ್ಮದು ಬುಡದಲ್ಲಿ ಸಣ್ಣ ಗೆರೆಯಾಗಿ ಬಿದ್ದಿತ್ತು, ಅಂದರೆ ಪಿನಿಯನ್ ಕ್ರೌನಿಗೆ ವಿಪರೀತ ಹತ್ತಿರ. ಪಿನಿಯನ್ ಹೊರಗೆ ಬಂದಾಗ ಕಾರಣ ಸಿಕ್ಕಿತು. ಅದರ ತಲೆಯ ಹಿಂದಿದ್ದ ಶಿಮ್, ಅಂದರೆ ಅಂತರ ಹೊಂದಿಸುವ ತೆಳು ಲೋಹದ ಬಳೆ, ನನ್ನ ಹಳೆಯದೇ. ಪ್ರತಿ ಪಿನಿಯನ್ ತಯಾರಾಗುವಾಗ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಇರುತ್ತದೆ, ಅದಕ್ಕೆ ತಕ್ಕಂತೆ ಶಿಮ್ ದಪ್ಪವನ್ನು ಅಳೆದು ಹಾಕಬೇಕು. ಅಳೆದೇ ಇರಲಿಲ್ಲ, ಪೇಸ್ಟ್ ಹಚ್ಚಿ ನೋಡಿಯೂ ಇರಲಿಲ್ಲ. ಈ ಬೇಸರ ನನಗೆ ಇನ್ನೂ ಹೋಗಿಲ್ಲ. ಒಳ್ಳೆಯ ಉಕ್ಕಿನ ಹೊಸ ಜೋಡಿಯೊಂದು ಅರ್ಧ ಗಂಟೆಯ ತಾಳ್ಮೆಯಿಲ್ಲದೆ ಹಾಳಾಯಿತು. ತಪ್ಪು ಜಾಗದಲ್ಲಿ ಅಷ್ಟು ದೂರ ಉಜ್ಜಿದ ಹಲ್ಲುಗಳನ್ನು ಆಮೇಲೆ ಸರಿಯಾದ ಶಿಮ್ ಹಾಕಿ ಕೂರಿಸಿದರೂ ಸದ್ದು ಪೂರ್ತಿ ಹೋಗುವ ನಂಬಿಕೆಯಿಲ್ಲ.

ವರ್ಕ್‌ಶಾಪಿನವರು ವಾಪಸ್ ಕೊಟ್ಟಿದ್ದ ನನ್ನ ಹಳೇ ಕ್ರೌನ್ ಪಿನಿಯನ್ ಮತ್ತು ಬೇರಿಂಗ್‌ಗಳು ಡಿಕ್ಕಿಯಲ್ಲೇ ಇದ್ದವು. ಅಣ್ಣ ಎಣ್ಣೆ ಬಟ್ಟೆ ಬಿಚ್ಚಿ ಹಲ್ಲಿನ ಮೇಲೆ ಉಗುರು ಆಡಿಸಿದ. 'ಎಲ್ಲೂ ತಡೀತಿಲ್ಲ ಕಣೋ. ಕನ್ನಡಿ ಇದ್ದಂಗಿದೆ. ಇದನ್ನ್ಯಾಕೆ ತೆಗೆದ್ರು?' ಆಮೇಲೆ ಪಿನಿಯನ್ನಿನ ಮುಂದಿನ ಬೇರಿಂಗನ್ನು ಬೆಳಕಿಗೆ ಹಿಡಿದ. ರೋಲರುಗಳ ಮೇಲೆ ಸಾಸಿವೆಗಿಂತ ಸಣ್ಣ ಗುಳಿಗಳು, ಹೊರಗಿನ ಬಳೆಯ ಮೇಲೆ ಅಂಥದ್ದೇ ಸಾಲು. ಅಷ್ಟು ದಿನ ಗೊರಗುಟ್ಟಿದ್ದು ಅದೊಂದೇ.

ಹಳೇ ಜೋಡಿಯನ್ನೇ, ಅದರದ್ದೇ ಶಿಮ್ ಜೊತೆ, ಹೊಸ ಬೇರಿಂಗ್ ಮತ್ತು ಸೀಲ್ ಹಾಕಿ ಕೂರಿಸಿದೆವು. ಬೇರಿಂಗ್ ಕ್ಯಾಪುಗಳಿಗೆ ಬಿಚ್ಚುವಾಗಲೇ ಪಂಚಿನಿಂದ ಎಡ–ಬಲ ಗುರುತು ಹಾಕಿದ್ದೆವು, ಅವು ಅದಲುಬದಲಾಗಬಾರದು. ಹಲ್ಲುಗಳ ನಡುವಿನ ಪ್ಲೇ, ಅಂದರೆ ಸಡಿಲ, ಕೈಪಿಡಿಯ ಪ್ರಕಾರ 0.13ರಿಂದ 0.18 ಮಿ.ಮೀ. ಡಯಲ್ ಗೇಜಿನಲ್ಲಿ ಅದು ಸಿಕ್ಕ ಮೇಲೂ ಅಣ್ಣ ಸುಮ್ಮನಾಗಲಿಲ್ಲ. ಹಳೇ ಹಲ್ಲಿನ ಮೇಲೆ ವರ್ಷಗಟ್ಟಲೆ ಓಡಿ ಮೂಡಿದ ಹೊಳೆಯುವ ಪಟ್ಟಿ ಇರುತ್ತದೆ. ಪೇಸ್ಟಿನ ಗುರುತು ಆ ಪಟ್ಟಿಯ ಮೇಲೇ ಬೀಳುವವರೆಗೆ ಹೊಂದಿಸಿದ. ಇದಕ್ಕೇ ಒಂದು ಮಧ್ಯಾಹ್ನ ಪೂರ್ತಿ ಹೋಯಿತು.

ಹೆಚ್ಚು ಎಚ್ಚರ ಬೇಕಾದದ್ದು ಪಿನಿಯನ್ ನಟ್ ಬಿಗಿಯುವಾಗ. ಪಿನಿಯನ್ನಿನ ಎರಡು ಬೇರಿಂಗ್‌ಗಳ ನಡುವೆ ಇರುವ, ನಟ್ ಬಿಗಿದಂತೆ ಕುಗ್ಗುವ ಸ್ಲೀವ್ (ಕೊಳವೆ) ಒಂದೇ ಸಲಕ್ಕೆ. ಬೇಕಾದ್ದಕ್ಕಿಂತ ಕುಗ್ಗಿತೋ, ನಟ್ ಸಡಿಲಿಸಿ ಸರಿಮಾಡಲು ಬರುವುದಿಲ್ಲ, ಹೊಸ ಸ್ಲೀವೇ ಹಾಕಬೇಕು. ಚೂರು ಬಿಗಿದು, ಕೈಯಲ್ಲಿ ತಿರುಗಿಸಿ ಎಳೆತ ಅಳೆದು, ಮತ್ತೆ ಚೂರು ಬಿಗಿದೆವು. ಹಾಕಿದ ಎಣ್ಣೆ ಜಿಎಲ್-5 ದರ್ಜೆಯ 80ಡಬ್ಲ್ಯೂ-90. ಕ್ರೌನ್ ಪಿನಿಯನ್ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುವುದರಿಂದ ಗಂಧಕ ಬೆರೆತ ಈ ಎಣ್ಣೆಯೇ ಬೇಕು. ಉಳಿದದ್ದನ್ನು ಗೇರ್ ಬಾಕ್ಸಿಗೆ ಸುರಿಯಬೇಡಿ. ಗೇರ್ ಸರಾಗವಾಗಿ ಬೀಳಲು ಹಿತ್ತಾಳೆ ಸಿಂಕ್ರೋ ರಿಂಗ್ ಇರುವ ಹಳೇ ಗೇರ್ ಬಾಕ್ಸುಗಳಿಗೆ ಸಾಮಾನ್ಯವಾಗಿ ಜಿಎಲ್-4 ಹೇಳಿರುತ್ತಾರೆ.

ಅರ್ಜೆಂಟಿಗೆ ಕಾರು ಬೇಕು, ರೇಶಿಯೋ ತಾಳೆಯಾಗುತ್ತದೆ ಎಂದರೆ ಗುಜರಿಯದ್ದು ತನ್ನಿ, ತಪ್ಪಿಲ್ಲ. ಹಲ್ಲು ಮುರಿದಿದ್ದರೆ, ಪದರ ಎದ್ದಿದ್ದರೆ ಹೊಸ ಕ್ರೌನ್ ಪಿನಿಯನ್ ಬಿಟ್ಟು ದಾರಿಯಿಲ್ಲ, ಆಗ ಪೇಸ್ಟಿನ ಗುರುತನ್ನು ತೋರಿಸಿ ಎಂದು ಕೇಳಿಯೇ ಕಾರು ತೆಗೆದುಕೊಳ್ಳಿ. ಉಗುರಿಗೆ ಹಲ್ಲು ನುಣುಪಾಗಿ ಸಿಕ್ಕರೆ ನನ್ನ ಆಯ್ಕೆ ಬರೀ ಬೇರಿಂಗ್. ಹಾಕಿ 9,000 ಕಿ.ಮೀ. ಆಯಿತು. ಹೋದ ವಾರ ಪ್ಲಗ್ ಬಿಚ್ಚಿ ಬೆರಳಾಡಿಸಿದೆ, ತೆಳ್ಳಗಿನ ಬೂದು ಕೆಸರು ಬಿಟ್ಟರೆ ಏನೂ ಹತ್ತಲಿಲ್ಲ.