ಉಪ್ಪುಗಾಳಿಯಲ್ಲಿ ಮೂರು ಮಳೆಗಾಲ: ಕಿಟಕಿ ತೊಳೆಯುವ ವಾಟರ್ ಫೆಡ್ ಪೋಲ್ ಬಳಕೆದಾರರ ವಿಮರ್ಶೆ

ಶಿರಸಿ ಕಡೆ ಅಡಿಕೆ ಕೊಯ್ಲಿಗೆ, ಔಷಧಿ ಹೊಡೆಯಲಿಕ್ಕೆ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಈ ಸಾಧನದ ಅರ್ಧ ಪರಿಚಯ ನಮ್ಮವರಿಗೆ ಆಗಿಯೇ ಇದೆ. ಒಂದರೊಳಗೊಂದು ಸೇರುವ ಕೊಳವೆ, ಪ್ರತಿ ಜೋಡಣೆಗೊಂದು ಕ್ಲ್ಯಾಂಪ್, ನೆಲದ ಮೇಲೆ ನಿಂತೇ ಮೇಲಿನ ಕೆಲಸ. ವಾಟರ್ ಫೆಡ್ ಪೋಲ್ ಅದೇ ಜಾತಿಯದು. ತುದಿಯಲ್ಲಿ ಕತ್ತಿಯ ಬದಲು ಬ್ರಷ್, ಒಳಗೆ ಶುದ್ಧ ನೀರಿನ ಪೈಪು. ಆದರೆ ದೋಟಿ ಬಹುಪಾಲು ನೆಟ್ಟಗೆ ನಿಲ್ಲುತ್ತದೆ. ಇದು ಗೋಡೆಗೆ ವಾಲಿಕೊಂಡು, ನೀರು ತುಂಬಿಕೊಂಡು, ಇಡೀ ದಿನ ಮೇಲೆ ಕೆಳಗೆ ಉಜ್ಜುತ್ತಲೇ ಇರುತ್ತದೆ. ಹಾಗಾಗಿ ಅಂಗಡಿಯಲ್ಲಿ ಒಣ ಪೋಲನ್ನು ನೆಟ್ಟಗೆ ಎತ್ತಿ ಹಗುರ ಇದೆ ಅಂತ ಕೊಳ್ಳುವುದು ಮೊದಲ ತಪ್ಪು.

ಈ ವಿಮರ್ಶೆ 9 ಮೀಟರಿನ ಆರು ತುಂಡುಗಳ ಕಾರ್ಬನ್ ಪೋಲಿನದು. ಹೋಲಿಕೆಗೆ 6 ಮೀಟರಿನ ಗ್ಲಾಸ್ ಫೈಬರ್ ಪೋಲೂ ಇದೆ. ಕೆಲಸ ಕಾರವಾರ, ಅಂಕೋಲಾ, ಕುಮಟಾ ಕರಾವಳಿಯ ಕಟ್ಟಡಗಳಲ್ಲಿ, ಘಟ್ಟದ ಮೇಲೆ ಶಿರಸಿ ಪೇಟೆಯಲ್ಲಿ.

ಆರಾಮದ ಲೆಕ್ಕ ತುದಿಯಿಂದ ಶುರುವಾಗುತ್ತದೆ. 7 ಮೀಟರ್ ಚಾಚಿದ ಪೋಲು 20 ಡಿಗ್ರಿ ವಾಲಿದರೆ ಬ್ರಷ್ ನಿಮ್ಮ ಕೈಯಿಂದ ಅಡ್ಡಕ್ಕೆ ಸುಮಾರು 2.4 ಮೀಟರ್ ದೂರದಲ್ಲಿರುತ್ತದೆ. ಎರಡು ಕೈಗಳ ನಡುವೆ 60 ಸೆಂ.ಮೀ. ಅಂತರವಿದ್ದರೆ, ಬ್ರಷ್ಷಿನಲ್ಲಿ ಹೆಚ್ಚಾದ ಪ್ರತಿ 300 ಗ್ರಾಂ ಕೈಗೆ 1.2 ಕೆಜಿ ಭಾರವಾಗಿ ಬರುತ್ತದೆ. ಬ್ರಷ್ ಗಾಜಿಗೆ ಒರಗಿದಾಗ ಇದು ಕಡಿಮೆ, ಗಾಜಿನಿಂದ ಎತ್ತಿ ಪಕ್ಕದ ಕಿಟಕಿಗೆ ಸಾಗಿಸುವಾಗ ಪೂರ್ತಿ. ಸಂಜೆ ಹೆಗಲು ಬಿದ್ದು ಹೋಗುವುದು ಈ ಸಾಗಣೆಯಿಂದ. ಹಾಗಾಗಿ ದುಬಾರಿ ಪೋಲಿಗೆ ಅಗಲವಾದ ಭಾರೀ ಬ್ರಷ್ ಸಿಕ್ಕಿಸಿದರೆ ಕೊಟ್ಟ ದುಡ್ಡು ದಂಡ. 25 ರಿಂದ 30 ಸೆಂ.ಮೀ. ಅಗಲದ ಹಗುರ ಬ್ರಷ್ ಇಲ್ಲಿಯ ಕಿಟಕಿಗಳಿಗೆ ಸಾಕು.

ಒಳಗಿನ ಪೈಪಿನ ತೂಕವನ್ನು ಕೇಳುವವರೇ ಇಲ್ಲ. ಹೊರಗೆ 8 ಮಿ.ಮೀ., ಒಳಗೆ 5 ಮಿ.ಮೀ. ಇರುವ ಪಾಲಿಯುರಿಥೇನ್ ಪೈಪು 8 ಮೀಟರ್ ಉದ್ದಕ್ಕೆ ನೀರು ಸೇರಿ 450 ಗ್ರಾಂ ಆಸುಪಾಸು. ಅದೇ 6 ಮತ್ತು 4 ಮಿ.ಮೀ. ಪೈಪು 250 ಗ್ರಾಂ. ನಿಮಿಷಕ್ಕೆ ಒಂದೂವರೆ ಲೀಟರ್ ಹರಿವಿಗೆ ಸಣ್ಣದೇ ನಡೆಯುತ್ತದೆ, ಪಂಪಿನ ಒತ್ತಡ ತುಸು ಹೆಚ್ಚಿಸಬೇಕು ಅಷ್ಟೆ. ಎತ್ತರದ ಬಾಬ್ತಿಗೂ ಒತ್ತಡ ಹೋಗುತ್ತದೆ: 10 ಮೀಟರಿಗೆ ಸುಮಾರು 1 ಬಾರ್. ಪುಶ್ ಫಿಟ್ಟಿಂಗಿಗೆ, ಅಂದರೆ ಪೈಪನ್ನು ಒತ್ತಿದರೆ ಕಚ್ಚಿಕೊಳ್ಳುವ ಜೋಡಣೆಗೆ, ಹಾಕುವ ಪೈಪಿನ ತುದಿಯನ್ನು ಹರಿತ ಬ್ಲೇಡಿನಲ್ಲಿ ನೇರ ಕತ್ತರಿಸಬೇಕು. ಓರೆ ಕತ್ತರಿಸಿದರೆ ಮೊದಲ ದಿನ ಸರಿ ಇರುತ್ತದೆ, ಎರಡನೆಯ ವಾರದಿಂದ ಸೋರಿ ಅಂಗಿಯ ತೋಳಿನೊಳಗೆ ನೀರಿಳಿಯುತ್ತದೆ.

ಗ್ಲಾಸ್ ಫೈಬರ್ ಅಗ್ಗ, ಪೆಟ್ಟು ತಡೆಯುತ್ತದೆ, ಒಂದು ಮಹಡಿಗೆ ನಿಜಕ್ಕೂ ಒಳ್ಳೆಯದು. ಅದರ ತೊಂದರೆ ತೂಕಕ್ಕಿಂತ ಬಾಗುವುದು. ಎರಡನೆಯ ಮಹಡಿ ಮುಟ್ಟಿದಾಗ ಕೈ ಒಂದು ಅಡಿ ಆಡಿದರೂ ಬ್ರಷ್ ಅಲ್ಲೇ ನಿಂತಿರುತ್ತದೆ. ಮಧ್ಯದ ಬಾಗು ನಿಮ್ಮ ಶ್ರಮವನ್ನು ನುಂಗುತ್ತದೆ. ಕಾರ್ಬನ್ ಗಡಸು, ಕೈ ಆಡಿದಷ್ಟು ಬ್ರಷ್ ಆಡುತ್ತದೆ. ನಮ್ಮ ಅಭಿಪ್ರಾಯ ಖಚಿತ: ವಾರದಲ್ಲಿ ಎರಡು ದಿನಕ್ಕಿಂತ ಹೆಚ್ಚು ಎರಡನೆಯ ಮಹಡಿಯ ಕೆಲಸ ಇರುವವರು ಕಾರ್ಬನ್ನಿಗೇ ಹೋಗಬೇಕು. ಆದರೆ ಎಂದೋ ಒಮ್ಮೆ ಬರುವ ನಾಲ್ಕು ಮಹಡಿಗೆಂದು 15 ಮೀಟರಿನದು ತರಬೇಡಿ. ಉದ್ದದ ಪೋಲಿನ ಬುಡದ ತುಂಡು ದಪ್ಪ, ಮುಷ್ಟಿ ಪೂರ್ತಿ ಮುಚ್ಚುವುದಿಲ್ಲ, ಮುಂಗೈ ಬೇಗ ದಣಿಯುತ್ತದೆ. ನೆಲಮಹಡಿ ತೊಳೆಯುವಾಗ ಬುಡದ ತುಂಡುಗಳನ್ನು ಕಳಚಿಟ್ಟು ಮೇಲಿನ ಮೂರನ್ನಷ್ಟೇ ಬಳಸುವ ಅಭ್ಯಾಸ ಬೆಳೆಸಿಕೊಳ್ಳಬೇಕು.

ಕೊಳ್ಳುವ ಮುನ್ನ ಪರೀಕ್ಷೆ ಹೀಗಿರಲಿ. ದಿನನಿತ್ಯ ಬೇಕಾಗುವ ಎತ್ತರಕ್ಕೆ ಚಾಚಿ, ಪೈಪಿನಲ್ಲಿ ನೀರು ತುಂಬಿಸಿ, ಗೋಡೆಗೆ ವಾಲಿಸಿ ಹತ್ತು ನಿಮಿಷ ಉಜ್ಜಿ. ಒದ್ದೆ ಕೈಯಲ್ಲಿ ಕ್ಲ್ಯಾಂಪು ತೆಗೆದು ಹಾಕಿ ನೋಡಿ; ಹೆಬ್ಬೆರಳಿನ ಚರ್ಮ ಸಿಕ್ಕಿಕೊಳ್ಳುವ ವಿನ್ಯಾಸಗಳಿವೆ. ಮಿರಿಮಿರಿ ಹೊಳಪಿನ ಮೇಲ್ಮೈ ಕರಾವಳಿಯ ಬೆವರಿಗೆ ಜಾರುತ್ತದೆ, ಮಂದ ಮೇಲ್ಮೈ ಹಿಡಿತ ಕೊಡುತ್ತದೆ. ಫೋಮ್ ಹಿಡಿಕೆ ಮೆತ್ತಗಿದ್ದರೂ ಉಪ್ಪುನೀರು ಹೀರಿ ನಾರುತ್ತದೆ, ಬೇಡ. ಚಾಚುವಾಗ ತೆಳು ತುಂಡು ಮೊದಲು, ದಪ್ಪನೆಯದು ಕೊನೆಗೆ, ಮಡಚುವಾಗ ತಿರುಗಾಮುರುಗಾ. ಹಾಗೆ ಮಾಡಿದರೆ ಎಲ್ಲ ಕ್ಲ್ಯಾಂಪುಗಳೂ ಎದೆಯ ಮಟ್ಟದಲ್ಲೇ ಕೈಗೆ ಸಿಗುತ್ತವೆ.

ಇನ್ನು ಕ್ಲ್ಯಾಂಪಿನ ಗೋಳು. ಕಾರವಾರದ ಟ್ಯಾಗೋರ್ ಕಡಲತೀರದ ಮರಳು ಗಾಳಿಗೆ ಎದ್ದು ಎಲ್ಲೆಲ್ಲೂ ಕೂರುತ್ತದೆ. ಒಂದು ಕಣ ಎರಡು ಕೊಳವೆಗಳ ನಡುವೆ ಹೊಕ್ಕರೆ ಮಡಚಿದಾಗಲೆಲ್ಲ ಉದ್ದುದ್ದ ಗೀರು ಬೀಳುತ್ತದೆ, ಸವೆದ ಜಾಗದಲ್ಲಿ ಕ್ಲ್ಯಾಂಪು ಜಾರುತ್ತದೆ. ಜಾರಿದಾಗ ಸ್ಕ್ರೂ ಕಾಲು ಸುತ್ತು ಬಿಗಿ ಮಾಡಿ ನೋಡಬೇಕು. ಸಿಟ್ಟಿನಲ್ಲಿ ಎರಡು ಸುತ್ತು ತಿರುಗಿಸಿದರೆ ಕಾರ್ಬನ್ ಕೊಳವೆ ಉದ್ದಕ್ಕೆ ಸೀಳುತ್ತದೆ, ಆಮೇಲೆ ಆ ತುಂಡನ್ನೇ ಬದಲಿಸಬೇಕು. ಎಣ್ಣೆ, ಗ್ರೀಸ್ ಹಚ್ಚಲೇಬಾರದು. ಮರಳು ಅಂಟಿ ಸಾಣೆಯಾಗುತ್ತದೆ. ಸಂಜೆ ಎಲ್ಲ ತುಂಡು ಬಿಡಿಸಿ, ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಆರಿಸಿ ಇಡುವುದೊಂದೇ ದಾರಿ.

ಉಪ್ಪುಗಾಳಿ ಇನ್ನೊಂದು ಕೆಲಸ ಮಾಡುತ್ತದೆ, ಅದನ್ನು ಮಾರುವವರು ಹೇಳುವುದಿಲ್ಲ. ಕಾರ್ಬನ್ನಿಗೆ ಅಲ್ಯೂಮಿನಿಯಂ ತಾಗಿಕೊಂಡಿದ್ದು ನಡುವೆ ಉಪ್ಪುನೀರು ಸೇರಿದರೆ ಬ್ಯಾಟರಿಯಂತೆ ಆಗಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಅಲ್ಯೂಮಿನಿಯಂ ಗೂಸ್‌ನೆಕ್ (ಬ್ರಷ್ ಸಿಕ್ಕಿಸುವ ಬಾಗಿದ ಕತ್ತು) ಅಥವಾ ತುದಿಯ ಬುಶ್ (ಒಳತೋಳು) ಇರುವ ಪೋಲು ಕಾರವಾರಕ್ಕೆ ಒಗ್ಗುವುದಿಲ್ಲ. ನೈಲಾನ್ ಭಾಗಗಳು, 316 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂಗಳು ಇರುವುದನ್ನೇ ಕೇಳಿ; 304 ಇಲ್ಲಿ ಕಂದು ಕಲೆ ಹಿಡಿಯುತ್ತದೆ.

ತೊಳೆಯುವ ನೀರಿನಲ್ಲಿ ಕರಗಿದ ಲವಣ 10 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಹತ್ತು ಪಾಲು) ಒಳಗಿರಬೇಕು. ಆಗ ಒರೆಸದೆಯೇ ಗಾಜು ಕಲೆಯಿಲ್ಲದೆ ಒಣಗುತ್ತದೆ. ಕಡಲಿಗೆ ಹತ್ತಿರದ ಬಾವಿಗಳಲ್ಲಿ ಬೇಸಿಗೆಯ ಕೊನೆಗೆ ಉಪ್ಪು ಏರುತ್ತದೆ, ಅಲ್ಲಿ ಆರ್‌ಓ (ಒತ್ತಡದಲ್ಲಿ ನೀರನ್ನು ಪೊರೆಯ ಮೂಲಕ ಹಾಯಿಸಿ ಲವಣ ತೆಗೆಯುವ ಯಂತ್ರ) ಇಲ್ಲದೆ ಬರೀ ರೆಸಿನ್ (ಉಳಿದ ಲವಣ ಹೀರುವ ಹರಳು) ಇಟ್ಟರೆ ದುಡ್ಡು ನೀರಿನಂತೆ ಹರಿಯುತ್ತದೆ. ಶಿರಸಿಯಲ್ಲಿ ಮಾತ್ರ ಮಳೆನೀರೇ ವರ. ಮೊದಲ ಮಳೆಗಳನ್ನು ಹರಿಯಬಿಟ್ಟು, ಹಂಚಿನ ಮಾಡಿನ ನೀರನ್ನು 5 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ತುಂಬಿಸಿಟ್ಟರೆ ರೆಸಿನ್ನಿಗೆ ಹಾಯಿಸುವ ಕಚ್ಚಾ ನೀರು ಅದೇ ಆಗುತ್ತದೆ. 300 ಪಿಪಿಎಂ ನೀರಿಗೆ ಖರ್ಚಾಗುವ ರೆಸಿನ್ 30 ಪಿಪಿಎಂ ನೀರಿನಲ್ಲಿ ಹೆಚ್ಚುಕಡಿಮೆ ಹತ್ತು ಪಟ್ಟು ಬಾಳುತ್ತದೆ. ಲವಣ ಅಳೆಯುವ ಮೀಟರನ್ನು ಟ್ಯಾಂಕಿನಲ್ಲಲ್ಲ, ಬ್ರಷ್ಷಿನ ತುದಿಯ ನೀರಿನಲ್ಲಿ ಅದ್ದಿ ನೋಡಬೇಕು.

ಕಡಲ ಬದಿಯ ಗಾಜಿನ ಮೇಲಿನ ಉಪ್ಪು ನೀರಿಗೆ ಕರಗುತ್ತದೆ, ಮರಳು ಕರಗುವುದಿಲ್ಲ. ಹಾಗಾಗಿ ಮೊದಲು ಬ್ರಷ್ ಮುಟ್ಟಿಸದೆ ನೀರು ಹರಿಸಿ ಮರಳು ಇಳಿಸಿ, ಆಮೇಲೆ ಉಜ್ಜಬೇಕು. ಮೇಲಿನ ಚೌಕಟ್ಟು ಮೊದಲು, ಗಾಜು ನಂತರ. ಇಲ್ಲದಿದ್ದರೆ ಚೌಕಟ್ಟಿನಿಂದ ಇಳಿದ ಹನಿ ಗೆರೆ ಬರೆಯುತ್ತದೆ. ಸ್ಲೈಡಿಂಗ್ ಕಿಟಕಿಯ ಕೆಳಗಿನ ಹಳಿಯಲ್ಲಿ ನೀರು ಹೋಗುವ ತೂತುಗಳು ಸತ್ತ ಹುಳ, ಕೆಂಪು ಧೂಳಿನಿಂದ ಕಟ್ಟಿರುತ್ತವೆ, ಅವನ್ನು ಮೊದಲೇ ಬಿಡಿಸದಿದ್ದರೆ ನೀರು ಮನೆಯೊಳಗೆ. ತೋಟದ ಪಕ್ಕದ ಮನೆಗಳ ಗಾಜಿನ ಮೇಲೆ ಬೋರ್ಡೋ ದ್ರಾವಣದ (ಅಡಿಕೆಗೆ ಹೊಡೆಯುವ ಮೈಲುತುತ್ತ, ಸುಣ್ಣದ ಔಷಧಿ) ತಿಳಿನೀಲಿ ಚುಕ್ಕೆ ಇದ್ದರೆ ಪೋಲಿನಿಂದ ಹೋಗುವುದಿಲ್ಲ. ಅದು ಸುಣ್ಣದ ಪದರ, ಕೈಯಿಂದಲೇ ವಿನೆಗರ್ ಹಚ್ಚಿ ತೆಗೆಯಬೇಕು. ಹೊರಗೆ ಕಬ್ಬಿಣದ ಸರಳು ಇರುವ ಕಿಟಕಿಗೂ ಈ ಸಾಧನ ಒಗ್ಗದು, ಗಿರಾಕಿಗೆ ಮುಂಚೆಯೇ ಹೇಳಿಬಿಡಿ.

ವಿದ್ಯುತ್ ತಂತಿಯ ವಿಷಯದಲ್ಲಿ ಮಾತ್ರ ಒಂದಿಷ್ಟೂ ಸಡಿಲ ಬೇಡ. ಕಾರ್ಬನ್ ವಿದ್ಯುತ್ ಹರಿಸುತ್ತದೆ. ಗ್ಲಾಸ್ ಫೈಬರ್ ಒಣಗಿದ್ದಾಗ ಹರಿಸದಿದ್ದರೂ ಒಳಗೆ ಹೊರಗೆ ನೀರಿರುವಾಗ ಅದನ್ನು ನಂಬುವಂತಿಲ್ಲ. ಪೋಲು ಯಾವ ದಿಕ್ಕಿಗೆ ಬಿದ್ದರೂ ತಂತಿ ತಾಗಬಾರದು, ಅಷ್ಟು ದೂರ ಇಲ್ಲದಿದ್ದರೆ ಕೆಲಸ ಒಪ್ಪಬೇಡಿ, ಅಥವಾ ವಿದ್ಯುತ್ ಕಂಪನಿ ಹೆಸ್ಕಾಂನಿಂದ ಲೈನ್ ಬಂದ್ ಮಾಡಿಸಿಕೊಳ್ಳಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಘಟ್ಟದ ಕಡೆ ಗುಡುಗು ಕೇಳಿದ ಕೂಡಲೇ ಪೋಲು ಕೆಳಗಿಳಿಯಬೇಕು. ಕರಾವಳಿಯಲ್ಲಿ ಮಧ್ಯಾಹ್ನದ ಕಡಲಗಾಳಿಗೆ ಬ್ರಷ್ ತೊನೆಯುವುದರಿಂದ ಎತ್ತರದ ಕಿಟಕಿಗಳನ್ನು ಬೆಳಿಗ್ಗೆ ಹನ್ನೊಂದರೊಳಗೆ ಮುಗಿಸುವುದು ಹೆಗಲಿಗೂ ಒಳ್ಳೆಯದು.

ಮೂರು ಮಳೆಗಾಲ ಕಳೆದ ಮೇಲೆ ಪೋಲಿನ ಸ್ಥಿತಿ: ಕೊಳವೆಗಳು ಗಟ್ಟಿ, ಮೇಲಿನ ಎರಡರಲ್ಲಿ ಗೀರು ಇದೆ. ಕ್ಲ್ಯಾಂಪುಗಳಲ್ಲಿ ಎರಡು ಬದಲಾಗಿವೆ. ಚಿರೆಕಲ್ಲಿನ ಮೂಲೆಗೆ ಎಳೆದಾಡಿದ್ದಕ್ಕೆ ನೆಲದ ಮೇಲಿನ ಹೋಸ್ ಪೈಪು ಎರಡು ಕಡೆ ಸೀಳಿ ಜೋಡಣೆ ಕಂಡಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ನಿಂತಾಗ ತುಂಡುಗಳನ್ನು ಬಿಡಿಬಿಡಿಯಾಗಿ ಅಟ್ಟದ ಮೇಲೆ ಇಡಿ, ಚೀಲದಲ್ಲಿಟ್ಟರೆ ಬೂಸು ಹಿಡಿಯುತ್ತದೆ. ರೆಸಿನ್ ಒಣಗದಂತೆ ನೀರಿನ ತೇವದಲ್ಲೇ ಬಾಯಿ ಮುಚ್ಚಿರಲಿ. ಆರ್‌ಓ ಮೆಂಬ್ರೇನಿಗೆ ವಾರಕ್ಕೊಮ್ಮೆ ಹತ್ತು ನಿಮಿಷ ನೀರು ಹಾಯಿಸಿ. ಮರೆತರೆ ಅಕ್ಟೋಬರಿನಲ್ಲಿ ಲೋಳೆ ಕಟ್ಟಿದ ಮೆಂಬ್ರೇನು ಸಿಗುತ್ತದೆ.