ಕಾರ್ಡು, ಕಾಸು, ಆ್ಯಪು: ಊರೂರು ಸುತ್ತುವ ಕೆಲಸಗಾರನಿಗೆ ಯಾವುದು ಒದಗುತ್ತದೆ?

ನಾಲ್ಕೈದು ವರ್ಷದಿಂದ ನನ್ನ ಲ್ಯಾಪ್‌ಟಾಪ್ ಇದ್ದಲ್ಲೇ ಆಫೀಸು. ಗೋಕರ್ಣ, ಮಡಿಕೇರಿ, ಶಿರಸಿ, ನಡುವೆ ಎರಡು ತಿಂಗಳು ಥಾಯ್ಲೆಂಡ್. ಅಷ್ಟರಲ್ಲಿ ಮೂರು ಕಂಪನಿ ನೋಡಿದೆ. ಆರೋಗ್ಯದ ವಿಷಯದಲ್ಲಿ ಮೂವರದ್ದೂ ಬೇರೆ ಬೇರೆ ದಾರಿ.

ಮೊದಲನೆಯವರು ಕೊಟ್ಟಿದ್ದು ಐದು ಲಕ್ಷದ ಗ್ರೂಪ್ ಇನ್ಶೂರೆನ್ಸ್. ಕಾರ್ಡು ಜೇಬಲ್ಲಿದೆ ಅಂತ ಧೈರ್ಯವಾಗಿದ್ದೆ. 2022ರ ಮಳೆಗಾಲದಲ್ಲಿ ಗೋಕರ್ಣದಲ್ಲಿ ಡೆಂಗಿ ಬಂತು. ಕ್ಯಾಶ್‌ಲೆಸ್, ಅಂದರೆ ನಾವು ಕೈಯಿಂದ ಕಟ್ಟದೆ ಇನ್ಶೂರೆನ್ಸ್‌ನವರೇ ನೇರ ಬಿಲ್ಲು ಕಟ್ಟುವ ಆಸ್ಪತ್ರೆಗಳ ಪಟ್ಟಿ ತೆಗೆದು ನೋಡಿದರೆ ಎಲ್ಲ ಮಂಗಳೂರು, ಹುಬ್ಬಳ್ಳಿಯಲ್ಲಿ! ಉತ್ತರ ಕನ್ನಡದವರಿಗೆ ಇದು ಹಳೇ ಗೋಳು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಅದೇ ವರ್ಷ ಜಿಲ್ಲೆಯೆಲ್ಲ ದನಿ ಎತ್ತಿತ್ತು. ನಾನು ಕುಮಟಾದಲ್ಲೇ ಅಡ್ಮಿಟ್ ಆದೆ. ಕೈಯಿಂದ 38 ಸಾವಿರ ಕಟ್ಟಿದೆ. ಆಮೇಲೆ ಡಿಸ್ಚಾರ್ಜ್ ಸಮ್ಮರಿ, ಒರಿಜಿನಲ್ ಬಿಲ್ಲು, ಕ್ಯಾನ್ಸಲ್ ಮಾಡಿದ ಚೆಕ್ಕು ಎಲ್ಲ ಕೊರಿಯರ್ ಮಾಡಿ ಕಾದೆ. ದುಡ್ಡು ಬರಲು ಏಳು ವಾರ ಹಿಡಿಯಿತು. ಬಂತು ಅನ್ನೋದು ಮಾತ್ರ ನಿಜ. 2024ರಿಂದ ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಕೇಳಬಹುದು. ತುರ್ತಾಗಿ ಸೇರಿದರೆ 48 ಗಂಟೆಯೊಳಗೆ ಇನ್ಶೂರೆನ್ಸ್‌ನವರಿಗೆ ತಿಳಿಸಬೇಕು, ಆಸ್ಪತ್ರೆಯವರೂ ಒಪ್ಪಬೇಕು.

ಎರಡನೆಯವರದ್ದು ತಿಂಗಳಿಗೆ 2,500 ರೂಪಾಯಿ ಹೆಲ್ತ್ ಅಲವೆನ್ಸ್. ಬಿಲ್ಲು ಕೇಳುವುದಿಲ್ಲ, ಆದರೆ ಸಂಬಳದ ಜೊತೆ ತೆರಿಗೆ ಬೀಳುತ್ತದೆ. ಮಡಿಕೇರಿಯಲ್ಲಿ ರೂಟ್ ಕೆನಾಲ್ ಆದಾಗ ಈ ದುಡ್ಡೇ ಕೈಹಿಡಿದಿದ್ದು. ಮೊದಲಿನ ಪಾಲಿಸಿ ಆಗಿದ್ದರೆ ಹಲ್ಲುನೋವಿಗೆ ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ಸುಮ್ನೆ ಯಾಕೆ ಸುಳ್ಳು, ಉಳಿದ ತಿಂಗಳುಗಳ ಹಣ ಬೈಕಿನ ಟೈರಿಗೂ ಹೋಗಿದೆ.

ಮೂರನೆಯವರು, ಅಂದರೆ ಈಗಿನವರು, ಶುರುವಿನಲ್ಲಿ ಡಾಕ್ಟರ್ ಆ್ಯಪ್ ಒಂದನ್ನೇ ಕೊಟ್ಟರು. ಶಿರಸಿ ಮಳೆಯಲ್ಲಿ ಕಾಲ್ಬೆರಳ ಸಂದು ಹುಣ್ಣಾದಾಗ ರಾತ್ರಿ ಹನ್ನೊಂದಕ್ಕೆ ಡಾಕ್ಟರು ಸಿಕ್ಕರು. ರಕ್ತಪರೀಕ್ಷೆ ಬುಕ್ ಮಾಡಲು ಹೋದರೆ 'ನಿಮ್ಮ ಪಿನ್‌ಕೋಡ್‌ಗೆ ಸೇವೆ ಇಲ್ಲ'. ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಅದರಲ್ಲಿದ್ದ ಕೌನ್ಸೆಲರ್. ಕನ್ನಡದಲ್ಲೇ ಮಾತಾಡಿದರು. ಮೀಟಿಂಗ್ ಬಿಟ್ಟರೆ ವಾರಗಟ್ಟಲೆ ಯಾರ ಜೊತೆಗೂ ಬಾಯಿ ಬಿಡದೆ ಇದ್ದುಬಿಡುತ್ತೇವಲ್ಲ, ಅದೂ ಕಾಯಿಲೆಯೇ ಅಲ್ವಾ?

ಥಾಯ್ಲೆಂಡಿಗೆ ಹೋದಾಗ ಕಂಪನಿಯೇ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿತು. ಅದು ಅಪಘಾತ, ತುರ್ತು ಚಿಕಿತ್ಸೆಗಷ್ಟೇ. ಬಿಪಿ ಮಾತ್ರೆ ನಾನೇ ಹೊತ್ತುಕೊಂಡು ಹೋದೆ.

ಆರಿಸು ಅಂದರೆ ನಾನು ಕಾರ್ಡನ್ನೇ ಮೊದಲು ಕೇಳುತ್ತೇನೆ. ಜೊತೆಗೆ ಬಿಲ್ಲು ತೋರಿಸಿ ಪಡೆಯುವ ಒಂದಿಷ್ಟು ಒಪಿಡಿ ಹಣ, ಅಂದರೆ ಅಡ್ಮಿಟ್ ಆಗದೆ ಡಾಕ್ಟರಿಗೆ ತೋರಿಸುವ ಖರ್ಚಿಗೆ. ಆ್ಯಪ್ ಉಪ್ಪಿನಕಾಯಿ ಇದ್ದ ಹಾಗೆ, ಅದೇ ಊಟ ಆಗೋದಿಲ್ಲ. ಈಗಿನವರೂ ನಮ್ಮ ಗೊಣಗಾಟ ಕೇಳಿ ಈ ವರ್ಷ ಕಾರ್ಡು ಸೇರಿಸಿದ್ದಾರೆ. ಕಳೆದ ವಾರ ಸಕಲೇಶಪುರಕ್ಕೆ ಹೊರಟೆ ಅಂದಾಗ ಎಚ್‌ಆರ್‌ನವರು ಪಟ್ಟಿಯಲ್ಲಿರುವ ಎರಡು ಹಾಸನದ ಆಸ್ಪತ್ರೆಗಳ ಹೆಸರು, ಫೋನ್ ನಂಬರ್ ವಾಟ್ಸಾಪ್ ಮಾಡಿದರು. ಐದು ನಿಮಿಷದ ಕೆಲಸ. ಗೋಕರ್ಣಕ್ಕೆ ಹೋಗುವ ಮುಂಚೆ ನನಗೆ ಇದನ್ನು ಯಾರೂ ಮಾಡಿರಲಿಲ್ಲ.