ಬಾಟಲಿಯ ತಳದ ಹರಳು: ಎರಿಥ್ರಿಟಾಲ್, ಅಲ್ಯುಲೋಸ್ ಎರಡನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಸಕ್ಕರೆಯ ಬದಲು ಬಳಸುವ ಸಿಹಿ ಪುಡಿಗಳಲ್ಲಿ ನನ್ನ ಅಡುಗೆಮನೆಯಲ್ಲಿ ಕೈಗೆಟುಕುವ ಡಬ್ಬಿಯಲ್ಲಿರುವುದು ಅಲ್ಯುಲೋಸ್. ಎರಿಥ್ರಿಟಾಲ್ ಪೂರ್ತಿ ಹೊರಗೆ ಹೋಗಿಲ್ಲ, ಆದರೆ ಮೇಲಿನ ಕಪಾಟು ಸೇರಿದೆ. ಝೈಲಿಟಾಲ್‌ನ್ನು ಮನೆಯೊಳಗೆ ಬಿಟ್ಟುಕೊಂಡಿಲ್ಲ, ಕಾರಣ ಆಮೇಲೆ ಹೇಳುತ್ತೇನೆ.

ಅಮ್ಮನಿಗೆ ಮಧುಮೇಹ ಎಂದು ಗೊತ್ತಾದಾಗ ನಾನು ಮೊದಲು ತಂದದ್ದು ಇವು ಯಾವುದೂ ಅಲ್ಲ, ಗಿಡದ ಎಲೆಯಿಂದ ತೆಗೆಯುವ ಸಿಹಿ ಸ್ಟೀವಿಯಾ. ಹಾಗಂತ ನಾನು ಅಂದುಕೊಂಡಿದ್ದೆ. ಪೊಟ್ಟಣದ ಮುಂದುಗಡೆ ದೊಡ್ಡ ಹಸಿರು ಎಲೆ, ದೊಡ್ಡ ಅಕ್ಷರದಲ್ಲಿ ಸ್ಟೀವಿಯಾ ಎಂಬ ಹೆಸರು, ಸಕ್ಕರೆಯಷ್ಟೇ ಅಳತೆಯಲ್ಲಿ ಹಾಕಿ ಎಂಬ ಭರವಸೆ. ಸ್ಟೀವಿಯಾ ಸಾರ ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿ. ಅದನ್ನು ಚಮಚಗಟ್ಟಲೆ ಹಾಕಲು ಹೇಗೆ ಸಾಧ್ಯ ಎಂದು ನನಗೆ ಅವತ್ತು ಹೊಳೆಯಲಿಲ್ಲ. ಹಿಂದುಗಡೆಯ ಸಣ್ಣ ಅಕ್ಷರ ಓದಿದ್ದು ಎಡವಟ್ಟಾದ ಮೇಲೆ. ಪಟ್ಟಿಯಲ್ಲಿ ಮೊದಲ ಹೆಸರೇ ಎರಿಥ್ರಿಟಾಲ್, ಸ್ಟೀವಿಯಾ ಕೊನೆಗೆ. ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯುವುದು ವಾಡಿಕೆ. ಅಂದರೆ ನಾನು ತಂದದ್ದು ಹೆಚ್ಚುಕಡಿಮೆ ಎರಿಥ್ರಿಟಾಲ್ ಪುಡಿಯೇ.

ಎಡವಟ್ಟಾದದ್ದು ನಿಂಬೆ ಪಾಕದಲ್ಲಿ. ನಮ್ಮ ಮನೆಯಲ್ಲಿ ಅದನ್ನು ಒಂದು ಬಾಟಲಿ ಮಾಡಿ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳುತ್ತೇವೆ, ಬೇಕಾದಾಗ ಎರಡು ಚಮಚ ತಣ್ಣೀರಿಗೆ ಬೆರೆಸಿದರೆ ಆಯಿತು. ಕಾಲು ಲೀಟರ್ ನೀರಿಗೆ ಕಾಲು ಕಿಲೋ ಪುಡಿ ಹಾಕಿ ಕಾಯಿಸಿದೆ. ಬಾಣಲೆಯಲ್ಲಿ ಗಾಜಿನಂತೆ ತಿಳಿಯಾಗಿ ಕರಗಿತು. ಆರಿಸಿ, ರಸ ಹಿಂಡಿ, ಸೋಸಿ, ಬಾಟಲಿಗೆ ತುಂಬಿ ಮಲಗಿದೆ. ಬೆಳಿಗ್ಗೆ ನೋಡಿದರೆ ಬಾಟಲಿಯ ತಳದಿಂದ ಮೇಲಕ್ಕೆ ನಾಲ್ಕು ಬೆರಳಷ್ಟು ಬೆಳ್ಳಗೆ ಗಟ್ಟಿಯಾಗಿ ಕೂತಿದೆ. ಮೇಲೆ ತೆಳ್ಳನೆಯ ಹಳದಿ ನೀರು. ಜೋರಾಗಿ ಅಲುಗಾಡಿಸಿದೆ, ಒಂದಷ್ಟು ಹರಳು ಎದ್ದು ತೇಲಿತು. ಅದನ್ನೇ ಬೆರೆಸಿ ಕೊಟ್ಟೆ. ಅಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು ಕೇಳಿದರು, "ಇದರಲ್ಲಿ ಮರಳು ಬಿದ್ದಿದೆಯಾ?"

ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸಿದೆ, ಹರಳೆಲ್ಲ ಕರಗಿತು. ಸಂಜೆಗೆ ಮತ್ತೆ ಕೂತಿತು. ಪುಡಿಯನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ಹೊಸದಾಗಿ ಕಾಯಿಸಿದೆ, ಅದೇ ಗತಿ. ನಿಂಬೆ ಜಾಸ್ತಿ ಮಾಡಿದರೆ ಸಕ್ಕರೆ ಪಾಕ ಹರಳುಗಟ್ಟುವುದಿಲ್ಲವಲ್ಲ ಎಂದು ಹುಳಿ ಹೆಚ್ಚಿಸಿದೆ, ಪ್ರಯೋಜನವಾಗಲಿಲ್ಲ. ಆ ಉಪಾಯ ನಡೆಯುವುದು ಹುಳಿ ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಎಂದು ಎರಡಾಗಿ ಒಡೆಯುವುದರಿಂದ. ಎರಿಥ್ರಿಟಾಲ್‌ನಲ್ಲಿ ಹಾಗೆ ಒಡೆಯುವಂಥದ್ದು ಏನೂ ಇಲ್ಲ. ಮೂರು ವಾರ, ನಾಲ್ಕು ಬಾಟಲಿ ಇದರಲ್ಲೇ ಕಳೆದವು.

ತಪ್ಪು ನನ್ನ ಕೈಯದ್ದಲ್ಲ ಎಂದು ತಿಳಿದದ್ದು ಲೆಕ್ಕ ಹಾಕಿದಾಗ. ಮಾಮೂಲಿ ಉಷ್ಣಾಂಶದಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಟ್ಟುಕೊಳ್ಳುತ್ತದೆ. ಎರಿಥ್ರಿಟಾಲ್ ಆದರೆ ಸುಮಾರು 60 ಗ್ರಾಂ ಮಾತ್ರ. ಕಾಲು ಲೀಟರ್ ನೀರು ಹೊರುವುದು 150 ಗ್ರಾಂ, ನಾನು ತುಂಬಿದ್ದು 250. ಬಿಸಿಯಲ್ಲಿ ಕರಗಿದ್ದು ತಣ್ಣಗಾದಾಗ ಹೊರಗೆ ಬರಲೇಬೇಕು. ಫ್ರಿಜ್ಜಿನ ಚಳಿಯಲ್ಲಿ ಕರಗುವ ಪ್ರಮಾಣ ಇನ್ನೂ ಇಳಿಯುತ್ತದೆ, ಆದ್ದರಿಂದ ಇನ್ನೂ ಜಾಸ್ತಿ ಕೂರುತ್ತದೆ. ಐಸ್‌ಕ್ರೀಮಿನಲ್ಲೂ ಇದೇ ಕಥೆ. ಹರಳಾಗಿ ಬೇರೆಯಾದ ಮೇಲೆ ಅದು ಐಸ್‌ಕ್ರೀಮನ್ನು ಮೆದುವಾಗಿ ಇಡುವುದೂ ಇಲ್ಲ. ನಾನು ಮಾಡಿದ್ದಕ್ಕೆ ಚಮಚ ಇಳಿಯಲಿಲ್ಲ, ಚಾಕುವಿನಲ್ಲಿ ಕೆತ್ತಬೇಕಾಯಿತು.

ಅಲ್ಯುಲೋಸ್ ತಂದ ದಿನ ಮಾಡಿದ ಮೊದಲ ಕೆಲಸ ಅದೇ ನಿಂಬೆ ಪಾಕ, ಅದೇ ಅಳತೆ. ಬೆಳಿಗ್ಗೆ ಬಾಟಲಿಯನ್ನು ಬೆಳಕಿಗೆ ಹಿಡಿದೆ. ತಳ ಖಾಲಿ, ಒಂದು ಹರಳೂ ಇಲ್ಲ. ಓರೆ ಮಾಡಿದರೆ ಗಾಜಿನ ಒಳಬದಿಗೆ ಅಂಟಿಕೊಂಡು ನಿಧಾನಕ್ಕೆ ಜಾರುವ ನಿಜವಾದ ಪಾಕ. ಹನ್ನೆರಡನೇ ದಿನ ಬಾಟಲಿ ಮುಗಿಯುವವರೆಗೂ ಹಾಗೇ ಇತ್ತು. ನನ್ನ ಮಟ್ಟಿಗೆ ಹೋಲಿಕೆ ಅಲ್ಲಿಗೇ ಮುಗಿದಿತ್ತು.

ಅಲ್ಯುಲೋಸ್ ಹೀಗೆ ನಡೆದುಕೊಳ್ಳುವುದು ಅದು ನಿಜಕ್ಕೂ ಸಕ್ಕರೆಯೇ ಆಗಿರುವುದರಿಂದ. ಹಣ್ಣಿನ ಸಕ್ಕರೆ ಫ್ರಕ್ಟೋಸ್‌ನ ಅಣುವಿನಲ್ಲಿ ಮೂರನೇ ಇಂಗಾಲದ ಬಳಿ ಒಂದು ಜೋಡಣೆ ಮಾತ್ರ ತಿರುಗಿದೆ. ಅಂಜೂರ, ಒಣದ್ರಾಕ್ಷಿಯಲ್ಲಿ ಚೂರುಪಾರು ಸಿಗುತ್ತದೆ, ಆದರೆ ಪೊಟ್ಟಣ ತುಂಬುವಷ್ಟು ಅಲ್ಲ. ಫ್ರಕ್ಟೋಸ್‌ನ್ನು ಅಲ್ಯುಲೋಸ್ ಆಗಿ ತಿರುಗಿಸುವ ಕಿಣ್ವದ ಮೇಲೆ ಜಪಾನಿನ ಕಾಗಾವಾ ವಿಶ್ವವಿದ್ಯಾಲಯದಲ್ಲಿ ಕೆನ್ ಇಜುಮೊರಿ 1990ರ ದಶಕದಲ್ಲಿ ಮಾಡಿದ ಕೆಲಸದಿಂದ ಇದು ಕಾರ್ಖಾನೆಯಲ್ಲಿ ಮಾಡುವ ಮಟ್ಟಕ್ಕೆ ಬಂತು. ತಿಂದದ್ದರಲ್ಲಿ ಬಹುಪಾಲು ಸಣ್ಣಕರುಳಿನಲ್ಲಿ ಹೀರಿಕೊಂಡು, ದೇಹಕ್ಕೆ ಇಂಧನವಾಗದೆ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಅದಕ್ಕೇ ಗ್ರಾಂಗೆ 0.4 ಕ್ಯಾಲೊರಿ ಎಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಲೆಕ್ಕ ಕೊಟ್ಟಿತು. ಸಕ್ಕರೆಗೆ 4. ಆದರೆ ಎಲ್ಲ ದೇಶಗಳಲ್ಲೂ ಇದರ ಮಾರಾಟಕ್ಕೆ ಒಪ್ಪಿಗೆ ಇಲ್ಲ, ನಿಮ್ಮಲ್ಲಿ ಇದೆಯೇ ಎಂದು ನೋಡಿಕೊಳ್ಳಿ.

ಸಿಹಿ ಎರಡರದ್ದೂ ಸಕ್ಕರೆಯ ಶೇಕಡಾ 70ರ ಆಸುಪಾಸು. ಇದರಲ್ಲಿ ಗೆದ್ದವರು ಯಾರೂ ಇಲ್ಲ.

ಬಾಯಲ್ಲಿ ಮಾತ್ರ ವ್ಯತ್ಯಾಸವಿದೆ. ಎರಿಥ್ರಿಟಾಲ್ ಕರಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ, ಸಕ್ಕರೆ ಹೀರುವುದಕ್ಕಿಂತ ಸುಮಾರು ಹತ್ತು ಪಟ್ಟು. ನಾಲಿಗೆ ಮೇಲೆ ಪುಡಿ ಇಟ್ಟರೆ ಪುದೀನ ತಿಂದಂತೆ ತಂಪು. ಕಾಫಿಯಲ್ಲಿ ಕರಗಿದ ಮೇಲೆ ಅದು ಗೊತ್ತಾಗುವುದಿಲ್ಲ. ಕೇಕಿನ ಮೇಲೆ ಹಚ್ಚಿದ ಕೆನೆಯಲ್ಲಿ ಗೊತ್ತಾಗುತ್ತದೆ, ನನಗೆ ಅದು ಸೇರಲಿಲ್ಲ.

ಝೈಲಿಟಾಲ್ ಸಕ್ಕರೆಯಷ್ಟೇ ಸಿಹಿ, ಗ್ರಾಂಗೆ 2.4 ಕ್ಯಾಲೊರಿ, ಹಲ್ಲಿಗೂ ಒಳ್ಳೆಯದು. ಆದರೆ ನಾಯಿಗಳಿಗೆ ಅದು ವಿಷ. ಸ್ವಲ್ಪ ಹೊಟ್ಟೆಗೆ ಹೋದರೂ ಅವುಗಳ ಮೈಯಲ್ಲಿ ಇನ್ಸುಲಿನ್ ಉಕ್ಕಿ ರಕ್ತದ ಸಕ್ಕರೆ ಕುಸಿಯುತ್ತದೆ. ನಮ್ಮ ನಾಯಿ ನೆಲಕ್ಕೆ ಬಿದ್ದ ಯಾವ ಚೂರನ್ನೂ ಬಿಡುವುದಿಲ್ಲ. ನಾಯಿ ಸಾಕಿದವರು ದಯವಿಟ್ಟು ಇದನ್ನು ತರಬೇಡಿ.

ಇಂಥದ್ದೇ ಇನ್ನೊಂದು ಸಕ್ಕರೆ ಟ್ಯಾಗಟೋಸ್ ನನ್ನ ಕೈಗೆ ಸಿಗಲಿಲ್ಲ. 1976ರಲ್ಲಿ ಮಂಗಳ ಗ್ರಹಕ್ಕೆ ಇಳಿದ ವೈಕಿಂಗ್ ನೌಕೆಗಳಲ್ಲಿ ಜೀವದ ಕುರುಹು ಹುಡುಕುವ ಪ್ರಯೋಗ ನಡೆಸಿದ ಗಿಲ್ಬರ್ಟ್ ಲೆವಿನ್ ಅವರೇ ಈ ಸಕ್ಕರೆಯ ಹಿಂದೆಯೂ ಬಿದ್ದಿದ್ದರು ಎಂದು ಓದಿದಾಗಿನಿಂದ ರುಚಿ ನೋಡುವ ಆಸೆ ಹಾಗೇ ಇದೆ.

ಅಲ್ಯುಲೋಸ್ ನನಗೆ ಕಲಿಸಿದ ಪಾಠಗಳೂ ಇವೆ. ಮೊದಲನೆಯದು ಓವನ್. ಎರಿಥ್ರಿಟಾಲ್ ಹಾಕಿದ ಕೇಕು ಬೆಂದರೂ ಬಿಳಿಚಿಕೊಂಡೇ ಇರುತ್ತದೆ. ಅಲ್ಯುಲೋಸ್ ಹಾಕಿದ್ದು ಒಳಗೆ ಹಸಿ ಇರುವಾಗಲೇ ಮೇಲೆ ಕಡುಕಂದಾಗುತ್ತದೆ. ನನ್ನ ಮೊದಲ ಕೇಕು ಕರಟಿತು. ಈಗ ಉರಿಯನ್ನು 15 ಡಿಗ್ರಿ ಇಳಿಸಿ, ಅರ್ಧ ಬೆಂದ ಮೇಲೆ ಫಾಯಿಲ್ ಮುಚ್ಚುತ್ತೇನೆ. ಎರಡನೆಯದು ತೇವ. ಡಬ್ಬಿಯ ಮುಚ್ಚಳ ಸಡಿಲ ಬಿಟ್ಟರೆ ಪುಡಿ ಗಂಟುಕಟ್ಟುತ್ತದೆ. ಐಸ್‌ಕ್ರೀಮಿಗೆ ಬರೀ ಅದನ್ನೇ ಹಾಕಿದರೆ ಗಟ್ಟಿಯಾಗದೆ ಜಾರುತ್ತದೆ.

ಹೊಟ್ಟೆಯ ವಿಷಯದಲ್ಲಿ ಎಚ್ಚರ ಬೇಕು. ಒಂದು ಮಧ್ಯಾಹ್ನ ಪಾಕ ಚೆನ್ನಾಗಿದೆ ಎಂದು ಮೂರು ಲೋಟ ಕುಡಿದೆ, ಜೊತೆಗೆ ಕೇಕು. ರಾತ್ರಿಯಿಡೀ ಹೊಟ್ಟೆ ಗುಡುಗುಡು, ಬೆಳಿಗ್ಗೆ ಭೇದಿ. ಒಂದು ಸಲಕ್ಕೆ ದೇಹತೂಕದ ಕಿಲೋಗೆ 0.4 ಗ್ರಾಂ, ದಿನಕ್ಕೆ 0.9 ಗ್ರಾಂ ಮೀರಬಾರದು ಎಂಬ ಸಲಹೆಯನ್ನು ಆಮೇಲೆ ಓದಿದೆ. 60 ಕಿಲೋ ತೂಗುವವರಿಗೆ ಒಂದು ಸಲಕ್ಕೆ 24 ಗ್ರಾಂ ಅಂದರೆ ಬಹಳ ದೊಡ್ಡ ಅಳತೆಯಲ್ಲ. ಎರಿಥ್ರಿಟಾಲ್‌ನಿಂದ ನನಗೆ ಹೀಗೆ ಆಗಿಲ್ಲ, ಅದಕ್ಕೆ ಇಲ್ಲಿ ಪೂರ್ತಿ ಅಂಕ ಕೊಡುತ್ತೇನೆ.

ಆದರೂ ಅಮ್ಮನಿಗೆ ಎರಿಥ್ರಿಟಾಲ್ ಕಡಿಮೆ ಮಾಡಿದ್ದಕ್ಕೆ ಇನ್ನೊಂದು ಕಾರಣ 2023ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಅಧ್ಯಯನ. ರಕ್ತದಲ್ಲಿ ಎರಿಥ್ರಿಟಾಲ್ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡವು ಎಂದಿತು ಅದು. 30 ಗ್ರಾಂ ಕುಡಿದವರ ರಕ್ತದಲ್ಲಿ ಅದರ ಮಟ್ಟ ಎರಡು ದಿನಕ್ಕೂ ಮೀರಿ ಮೇಲೆಯೇ ಇತ್ತು. ನಮ್ಮ ದೇಹ ಗ್ಲೂಕೋಸ್‌ನಿಂದ ತಾನೇ ಒಂದಿಷ್ಟು ಎರಿಥ್ರಿಟಾಲ್ ಮಾಡಿಕೊಳ್ಳುತ್ತದೆ, ಹಾಗಾಗಿ ತಿಂದದ್ದರಿಂದಲೇ ಹೀಗಾಯಿತು ಎಂದು ಅಷ್ಟರಿಂದ ಹೇಳಲಾಗದು. ಹೃದಯದ ಮಾತ್ರೆಯನ್ನೂ ನುಂಗುವ ಅಮ್ಮನ ವಿಷಯದಲ್ಲಿ ನನಗೆ ಅಷ್ಟು ಅನುಮಾನವೇ ಸಾಕಾಯಿತು. ಪುಡಿ ಬದಲಾಯಿಸುವ ಮೊದಲು ಅವರ ವೈದ್ಯರನ್ನೂ ಕೇಳಿಕೊಂಡೆ.

ಇನ್ನು ದುಡ್ಡು. ಅಲ್ಯುಲೋಸ್ ದುಬಾರಿ, ನಾನು ಕೊಳ್ಳುವಲ್ಲಿ ಎರಿಥ್ರಿಟಾಲ್‌ಗಿಂತ ಎರಡು ಪಟ್ಟಿಗೂ ಮೇಲೆ. ಎಲ್ಲದಕ್ಕೂ ಅದನ್ನೇ ಸುರಿಯಲು ನನ್ನ ತಿಂಗಳ ಲೆಕ್ಕ ಒಪ್ಪುವುದಿಲ್ಲ. ಪಾಕಕ್ಕೆ, ಅಮ್ಮನ ಕಾಫಿಗೆ ಬರೀ ಅಲ್ಯುಲೋಸ್. ನಾನು ಮಾತ್ರ ತಿನ್ನುವ ಐಸ್‌ಕ್ರೀಮಿಗೆ ಮೂರು ಪಾಲು ಅಲ್ಯುಲೋಸ್, ಒಂದು ಪಾಲು ಎರಿಥ್ರಿಟಾಲ್. ಈ ಅಳತೆಯಲ್ಲಿ ಹರಳೂ ಕೂರುವುದಿಲ್ಲ, ಜಾರುವುದೂ ನಿಲ್ಲುತ್ತದೆ. ನೀವು ಪಾಕ ಮಾಡುವವರಲ್ಲ, ದಿನಕ್ಕೆ ಎರಡು ಲೋಟ ಬಿಸಿ ಕಾಫಿಗೆ ಸಿಹಿ ಬೇಕು ಅಷ್ಟೇ ಎನ್ನುವುದಾದರೆ, ಹೃದಯದ ತೊಂದರೆಯೂ ಇಲ್ಲದಿದ್ದರೆ, ಎರಿಥ್ರಿಟಾಲ್‌ನಲ್ಲೇ ಕೆಲಸ ನಡೆಯುತ್ತದೆ. ಎಲೆಯ ಚಿತ್ರ ಇಲ್ಲದ, ಬರೀ ಎರಿಥ್ರಿಟಾಲ್ ಎಂದೇ ಬರೆದ ಪೊಟ್ಟಣ ತೆಗೆದುಕೊಳ್ಳಿ.

ಮೇಲಿನ ಕಪಾಟಿನ ಪೊಟ್ಟಣ ಈಗ ಬಿಸ್ಕತ್ತು ಮಾಡುವ ದಿನ ಮಾತ್ರ ಕೆಳಗಿಳಿಯುತ್ತದೆ. ಓವನ್‌ಗೆ ಇಡುವ ಮೊದಲು ಮೇಲೆ ಒಂದು ಚಿಟಿಕೆ ಉದುರಿಸುತ್ತೇನೆ. ಅಲ್ಲಿ ಹರಳು ಹರಳಾಗಿಯೇ ಉಳಿದು ಹಲ್ಲಿಗೆ ಕರುಂ ಎನ್ನುತ್ತದೆ, ಅಮ್ಮನಿಗೂ ಅದು ಇಷ್ಟ.